ರೆಡ್ಮಿ ನೋಟ್ 10 ರೂಟ್ ಮಾಡಬೇಕಾ ಬ್ಯಾಡಾ? ಫೋನ್‌ಪೇ, ಬ್ಯಾಂಕ್ ಆ್ಯಪ್ ಎಲ್ಲಾ ಇದ್ರಾಗೇ ಅವ

ಭೀಮಾ_ದಂಡೆ (ಯಾದಗಿರಿ):

ಎಲ್ಲರಿಗೂ ನಮಸ್ಕಾರ್ರಿ. ರೆಡ್ಮಿ ನೋಟ್ 10, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಎಂಐಯುಐ 14 (ಶಿಯೋಮಿ ಕಂಪನಿದೇ ಸಿಸ್ಟಮ್), ಆಂಡ್ರಾಯ್ಡ್ 13. ಇನ್ನ ಮುಂದ ಕಂಪನಿಯಿಂದ ಅಪ್‌ಡೇಟ್ ಬರಂಗಿಲ್ಲ.

ತೊಂದ್ರಿ ಹಿಂಗವ. ಫೈಲ್ ಮ್ಯಾನೇಜರ್ ತೆರೆದ್ರ ಜಾಹೀರಾತು, ಲಾಕ್ ಸ್ಕ್ರೀನ್ ಮ್ಯಾಲೂ ಏನೇನೋ ಫೋಟೋ-ಸುದ್ದಿ. ಸ್ಟೋರೇಜ್ 3 ಜಿಬಿ ಅಷ್ಟೇ ಖಾಲಿ ಅದ, ಫೋನ್ ಭಾಳ ಸ್ಲೋ. ಮಧ್ಯಾಹ್ನ ಬಿಸಿಲಾಗ ಕೈಯಾಗ ಹಿಡಿಯಾಕಾಗದಷ್ಟು ಕಾಯ್ತದ, ಸಂಜಿ 4ಕ್ಕ ಬ್ಯಾಟರಿ ಖಲಾಸ್. ತೊಗರಿ ರೇಟ್ ಮಾತಾಡುವಾಗ ಕಾಲ್ ರೆಕಾರ್ಡ್ ಮಾಡಬೇಕಂದ್ರ ಆ ಕಡಿಯವರಿಗೆ ಅನೌನ್ಸ್‌ಮೆಂಟ್ ಕೇಳಿಸ್ತದ, ಅವ್ರು ಮಾತೇ ಬದಲಿಸ್ತಾರ. ಆ್ಯಪ್ ಡೇಟಾ ಸಮೇತ ಪೂರ್ತಿ ಬ್ಯಾಕಪ್ ಕೂಡ ಬೇಕು.

ರೂಟ್ ಮಾಡಿದ್ರ, ಅಂದ್ರ ಕಂಪನಿ ಮುಚ್ಚಿಟ್ಟ ಸಿಸ್ಟಮ್ ಮ್ಯಾಲೆ ಪೂರ್ತಿ ಅಧಿಕಾರ ತಗೊಂಡ್ರ, ಎಲ್ಲಾ ಸರಿ ಆಗ್ತದ ಅಂತ ಮೊಬೈಲ್ ಅಂಗಡಿಯವರು ಹೇಳ್ಯಾರ, 600 ರೂಪಾಯಿ ಕೇಳ್ಯಾರ. ಫೋನ್‌ಪೇ, ಬ್ಯಾಂಕ್ ಆ್ಯಪ್, ಬೆಳೆ ಸಮೀಕ್ಷೆ ಆ್ಯಪ್ ಎಲ್ಲಾ ಇದೇ ಫೋನಿನಾಗ ಅವ. ಹಳೇ ರೆಡ್ಮಿ ನೋಟ್ 5 ಪ್ರೊ ಒಂದು ಮನ್ಯಾಗ ಸುಮ್ನೆ ಬಿದ್ದದ. ಮಾಡ್ಲಾ, ಬ್ಯಾಡಾ? ಮಾಡೋದಾದ್ರ ಹ್ಯಾಂಗ?

ಜಗತ್_ಸರ್ಕಲ್ (ಕಲಬುರಗಿ):

ನೋಟ್ 10 ರೂಟ್ ಮಾಡಬ್ಯಾಡ್ರಿ. ನೀವು ಬರೆದ ತೊಂದ್ರಿಗಳೊಳಗ ರೂಟ್ ಇಲ್ದ ಆಗದಂಥದ್ದು ಒಂದೂ ಇಲ್ಲ. ಎರಡಕ್ಕಂತೂ ರೂಟ್‌ನಿಂದ ಏನೂ ಉಪಯೋಗ ಆಗಂಗಿಲ್ಲ.

ಮೊದಲು ಸ್ಟೋರೇಜ್. 64ರೊಳಗ 3 ಜಿಬಿ ಖಾಲಿ ಅಂದ್ರ ಯಾವ ಫೋನೂ ಸ್ಲೋ ಆಗೇ ಆಗ್ತದ. ಫ್ಲ್ಯಾಶ್ ಮೆಮೊರಿ ಹೊಸದು ಬರೀಬೇಕಂದ್ರ ಖಾಲಿ ಬ್ಲಾಕ್ ಬೇಕು. ಖಾಲಿ ಇಲ್ಲಂದ್ರ ಹಳೇ ಡೇಟಾ ಎತ್ತಿ ಬೇರೆ ಕಡೆ ಇಟ್ಟು, ಅಳಿಸಿ, ಆಮೇಲೆ ಬರೀತದ. ಅದಕ್ಕೇ ಆ್ಯಪ್ ತೆರೆಯುವಾಗ ನಿಂತಂಗ ಆಗ್ತದ. ಕಮ್ಮಿ ಅಂದ್ರೂ 8ರಿಂದ 10 ಜಿಬಿ ಖಾಲಿ ಇಡ್ರಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ದಾಗ ಸ್ಟೋರೇಜ್ ಆ್ಯಂಡ್ ಡೇಟಾ, ಅದ್ರೊಳಗ ಮ್ಯಾನೇಜ್ ಸ್ಟೋರೇಜ್ ಅಂತ ಅದ. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲ್ ಬೇರೆ ಪಟ್ಟಿಯಾಗಿ ಬರ್ತಾವ. ಊರ ಗ್ರೂಪಿನ ಶುಭೋದಯ ವಿಡಿಯೋಗಳನ್ನ ಅಲ್ಲಿಂದ ಅಳಿಸಿದ್ರ ಅರ್ಧ ಕೆಲಸ ಮುಗೀತು. ಸೆಟ್ಟಿಂಗ್ಸ್‌ದಾಗ ಮೆಮೊರಿ ಎಕ್ಸ್‌ಟೆನ್ಷನ್ ಆನ್ ಇದ್ರ ಆಫ್ ಮಾಡ್ರಿ. ಅದು ಸ್ಟೋರೇಜನ್ನೇ ರ‍್ಯಾಮ್ ಥರ ಬಳಸ್ತದ, ತುಂಬಿದ ಫೋನಿಗೆ ಅದು ಇನ್ನಷ್ಟು ಭಾರ. ಡೆವಲಪರ್ ಆಪ್ಷನ್ಸ್ ತೆರೆದು ಮೂರೂ ಆ್ಯನಿಮೇಷನ್ ಸ್ಕೇಲ್ 0.5ಕ್ಕ ಇಡ್ರಿ, ಬಳಸುವಾಗ ಫರಕು ಗೊತ್ತಾಗ್ತದ.

ಇನ್ನ ಕಾಯೋದು, ಬ್ಯಾಟರಿ. ಇದು 2021ರ ಫೋನು, ಬ್ಯಾಟರಿ 5000 ಎಂಎಎಚ್. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು 42 ದಾಟ್ತದ. ಅಂಥಾ ಬಿಸಿಲಾಗ ಇಷ್ಟು ವರ್ಷ ತಿರುಗಿದ ಲಿಥಿಯಂ ಬ್ಯಾಟರಿ ಸವೆದೇ ಸವೀತದ. ರೂಟ್ ಮಾಡಿ ಪ್ರೊಸೆಸರ್ ವೇಗ ಇಳಿಸಬಹುದು, ಆದ್ರ ಸವೆದ ಬ್ಯಾಟರಿಗೆ ಜೀವ ಬರಂಗಿಲ್ಲ. ಡಯಲರ್‌ದಾಗ *#*#6485#*#* ಒತ್ತಿದ್ರ ಬ್ಯಾಟರಿ ಮಾಹಿತಿ ಪುಟ ತೆರೀತದ. ಎಂಎಫ್_02 ಮುಂದ ಇರೋದು ಚಾರ್ಜ್ ಸೈಕಲ್. 800 ದಾಟಿದ್ರ ಬ್ಯಾಟರಿ ಬದಲಿಸೋದೊಂದೇ ದಾರಿ. ಹಳೇ ಬ್ಯಾಟರಿ ಮ್ಯಾಲೆ ಅಚ್ಚಾದ ಮಾಡೆಲ್ ನಂಬರೇ ಹೊಸದ್ರ ಮ್ಯಾಲೂ ಇರಬೇಕು. ಅಂಗಡಿಯಾಗ ಹಾಕಿಸುವಾಗ ಮುಂದೇ ನಿಂತು ನೋಡ್ರಿ. ಬ್ಯಾಟರಿ ಉಬ್ಬಿದಂಗ ಕಂಡ್ರ, ಹಿಂದಿನ ಕವರ್ ಎದ್ದಿದ್ರ, ಚಾರ್ಜ್ ಹಾಕೋದು ಇವತ್ತೇ ನಿಲ್ಲಿಸ್ರಿ.

ಜಾಹೀರಾತು ಎರಡು ನಮೂನಿ. ಎಂಐಯುಐ ತಾನೇ ತೋರಿಸೋದು ಒಂದು, ಬೇರೆ ಆ್ಯಪ್ ತೋರಿಸೋದು ಇನ್ನೊಂದು. ಮೊದಲನೇದಕ್ಕ: ಸೆಟ್ಟಿಂಗ್ಸ್, ಪಾಸ್‌ವರ್ಡ್ಸ್ ಆ್ಯಂಡ್ ಸೆಕ್ಯುರಿಟಿ, ಆಥರೈಸೇಷನ್ ಆ್ಯಂಡ್ ರಿವೊಕೇಷನ್, ಅಲ್ಲಿ ಎಂಎಸ್‌ಎ (ಎಂಐಯುಐ ಜಾಹೀರಾತು ತರೋ ಸೇವೆ) ಆಫ್. ಲಾಕ್ ಸ್ಕ್ರೀನಿಗೆ ಫೋಟೋ-ಸುದ್ದಿ ತರೋ ಗ್ಲಾನ್ಸ್ ಬೇರೆ, ಅದನ್ನ ಲಾಕ್ ಸ್ಕ್ರೀನ್ ಸೆಟ್ಟಿಂಗ್‌ದಾಗ ಆಫ್ ಮಾಡ್ರಿ. ಎರಡನೇದಕ್ಕ ಪ್ರೈವೇಟ್ ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡೋ ಸರ್ವರ್ ನಾವೇ ಆರಿಸೋ ಸೆಟ್ಟಿಂಗ್) ಸಾಕು: ಕನೆಕ್ಷನ್ ಆ್ಯಂಡ್ ಶೇರಿಂಗ್ ಒಳಗ ಅದ, ಅಲ್ಲಿ ಜಾಹೀರಾತು ತಡೆಯೋ ಆ್ಯಡ್‌ಗಾರ್ಡ್‌ದ ಡಿಎನ್‌ಎಸ್ ವಿಳಾಸ ಹಾಕ್ರಿ. ಯೂಟ್ಯೂಬ್ ಜಾಹೀರಾತು ಇದ್ರಿಂದ ಹೋಗಂಗಿಲ್ಲ, ಯಾಕಂದ್ರ ವಿಡಿಯೋ ಬರೋ ಸರ್ವರ್‌ನಿಂದಲೇ ಅದೂ ಬರ್ತದ. ರೈಲ್ವೆ ಸ್ಟೇಷನ್ ವೈಫೈದಂಥಾ ಕಡೆ ಲಾಗಿನ್ ಪುಟ ತೆರೀದಿದ್ರ ಪ್ರೈವೇಟ್ ಡಿಎನ್‌ಎಸ್ ಒಂದು ಕ್ಷಣ ಆಟೋಮ್ಯಾಟಿಕ್‌ಗೆ ಇಟ್ಟು, ಲಾಗಿನ್ ಆದಮ್ಯಾಲ ಹಿಂದಕ್ಕ ಹಾಕ್ರಿ.

ಬ್ಯಾಡಾದ ಸಿಸ್ಟಮ್ ಆ್ಯಪ್‌ಗಳನ್ನ ಲ್ಯಾಪ್‌ಟಾಪ್‌ಗೆ ಹಚ್ಚಿ ಎಡಿಬಿಯಿಂದ (ಲ್ಯಾಪ್‌ಟಾಪ್‌ನಿಂದ ಫೋನಿಗೆ ಕಮಾಂಡ್ ಕೊಡೋ ಸಾಧನ) ತೆಗೀಬಹುದು. ಯೂನಿವರ್ಸಲ್ ಆಂಡ್ರಾಯ್ಡ್ ಡಿಬ್ಲೋಟರ್ ಅನ್ನೋ ಉಚಿತ ಪ್ರೋಗ್ರಾಂ ಯಾವುದು ತೆಗೆದ್ರ ಅಪಾಯ ಅಂತ ಪಟ್ಟಿ ಮಾಡಿ ತೋರಿಸ್ತದ. ಗೆಟ್‌ಆ್ಯಪ್ಸ್, ಎಂಐ ಬ್ರೌಸರ್, ಅನಲಿಟಿಕ್ಸ್, ಗ್ಲಾನ್ಸ್ ತೆಗೀಬಹುದು. ಸೆಕ್ಯುರಿಟಿ ಆ್ಯಪ್ ಮತ್ತ ಫೈಂಡ್ ಡಿವೈಸ್ ಮುಟ್ಟಬ್ಯಾಡ್ರಿ. ಎಂಐಯುಐ ಬೂಟ್ ಆಗುವಾಗ ಇವನ್ನ ಹುಡುಕ್ತದ, ಸಿಗದಿದ್ರ ಬೂಟ್‌ಲೂಪ್, ಅಂದ್ರ ಫೋನ್ ಪೂರ್ತಿ ಆನ್ ಆಗದೇ ಮತ್ತ ಮತ್ತ ರೀಸ್ಟಾರ್ಟ್ ಆಗ್ತದ. ಹಿಂಗ ತೆಗೆದ ಆ್ಯಪ್ ಸಿಸ್ಟಮ್ ಪಾರ್ಟಿಷನ್‌ನಿಂದ (ಸ್ಟೋರೇಜ್‌ದಾಗ ಸಿಸ್ಟಮ್‌ಗೆ ಮೀಸಲಾದ ಭಾಗ) ಹೋಗಂಗಿಲ್ಲ, ನಿಮ್ಮ ಯೂಸರ್‌ಗೆ ಕಾಣದಂಗ ಆಗ್ತದ ಅಷ್ಟೇ. ಅದಕ್ಕೇ ಬೇಕಾದಾಗ ಒಂದೇ ಕಮಾಂಡ್‌ದಾಗ ವಾಪಸ್ ತರಬಹುದು. ಅಪಾಯ ಕಮ್ಮಿ ಇರೋದೂ ಇದಕ್ಕೇ.

ಬ್ಯಾಕಪ್: ಸೆಟ್ಟಿಂಗ್ಸ್, ಅಬೌಟ್ ಫೋನ್, ಬ್ಯಾಕಪ್ ಆ್ಯಂಡ್ ರಿಸ್ಟೋರ್. ಇದು ಭಾಳಷ್ಟು ಆ್ಯಪ್‌ಗಳ ಡೇಟಾನೂ ತಗೊಂತದ. ಮುಗಿದಮ್ಯಾಲ ಎಂಐಯುಐ ಫೋಲ್ಡರ್‌ನ ಬ್ಯಾಕಪ್ ಒಳಗ ಆಲ್‌ಬ್ಯಾಕಪ್ ಅಂತ ಇರ್ತದ, ಅದನ್ನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡ್ರಿ. ನಿಮ್ಮಲ್ಲಿ ಜಾಗ ಕಮ್ಮಿ, ಅದಕ್ಕ ಮೊದಲು ವಾಟ್ಸ್‌ಆ್ಯಪ್ ಖಾಲಿ ಮಾಡಿ ಆಮೇಲೆ ಇದು. ಯುಪಿಐ ಆ್ಯಪ್ ಡೇಟಾ ಬ್ಯಾಕಪ್ ತಗೊಂಡು ಪ್ರಯೋಜನ ಇಲ್ಲ, ಅವು ಸಿಮ್ಮಿಗೂ ಫೋನಿಗೂ ಕಟ್ಟಿಕೊಂಡಿರ್ತಾವ, ಹೊಸದಾಗೇ ರಿಜಿಸ್ಟರ್ ಆಗಬೇಕು.

ಉಳಿದದ್ದು ಕಾಲ್ ರೆಕಾರ್ಡಿಂಗ್. ನೋಟ್ 10ರಾಗ ಇರೋದು ಗೂಗಲ್ ಡಯಲರ್, ಅನೌನ್ಸ್‌ಮೆಂಟ್ ಅದ್ರದು. ಬೇರೆ ಆ್ಯಪ್ ಹಾಕೋಣಂದ್ರ 2022ರ ಮೇ ತಿಂಗಳಿಂದ ಪ್ಲೇ ಸ್ಟೋರ್ ಅಂಥವನ್ನ ಬಂದ್ ಮಾಡೇತಿ. ಆದ್ರ ನಿಮ್ಮ ಮನ್ಯಾಗ ಬಿದ್ದ ನೋಟ್ 5 ಪ್ರೊದಾಗ ಶಿಯೋಮಿದೇ ಹಳೇ ಡಯಲರ್ ಅದ, ಅದ್ರಾಗ ರೆಕಾರ್ಡಿಂಗ್ ಅನೌನ್ಸ್‌ಮೆಂಟ್ ಇಲ್ದೇ ಆಗ್ತದ. ವ್ಯವಹಾರದ ಸಿಮ್ ಅದಕ್ಕ ಹಾಕ್ರಿ. ರೂಟ್ ಯಾಕ ಬೇಕು? ರೇಟ್ ಮಾತು ಮುಗಿದ ಕೂಡಲೇ ವಾಟ್ಸ್‌ಆ್ಯಪ್‌ದಾಗ "ಇವತ್ತಿನ ರೇಟ್ ಇಷ್ಟು, ತೂಕ ಇಷ್ಟು, ಹೌದಲ್ರಿ?" ಅಂತ ಬರೆಸಿಕೊಂಡ್ರ ಇನ್ನೂ ಗಟ್ಟಿ. ಜಗಳ ಬಿದ್ದಾಗ ದಲಾಲಿ ಅಂಗಡಿಯಾಗ ಪಟ್ಟಿ ಜೋಡಿ ತೋರಿಸಾಕ ಬರಹ ಸಲೀಸು.

ಬಿದ್ರಿ_ಕಪ್ಪು (ಬೀದರ್):

ಮೇಲಿನವರು ಹೇಳಿದ್ದು ಸರಿ. ಬ್ಯಾಂಕ್ ಆ್ಯಪ್ ವಿಷಯ ಮಾತ್ರ ಬಿಡಿಸಿ ಬರೆಯುತ್ತೇನೆ. ಏಕೆಂದರೆ ಅಂಗಡಿಯವರು "ರೂಟ್ ಮುಚ್ಚಿಡ್ತೀವಿ, ಫೋನ್‌ಪೇ ನಡೀತದ" ಎಂದೇ ಹೇಳುತ್ತಾರೆ. ಹಣ ಕೊಟ್ಟ ದಿನ ನಡೆಯಲೂಬಹುದು.

ಆ್ಯಪ್ ನೋಡುವುದು ರೂಟ್ ಇದೆಯೇ ಎನ್ನುವುದನ್ನಷ್ಟೇ ಅಲ್ಲ, ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಂ; ರೂಟ್ ಮಾಡಲು ಅದರ ಬೀಗ ತೆರೆಯಬೇಕು) ತೆರೆದಿದೆಯೇ ಎನ್ನುವುದನ್ನೂ. ಫೋನ್ ಆನ್ ಆಗುವಾಗ ಬೂಟ್‌ಲೋಡರ್ ತನ್ನ ಸ್ಥಿತಿಯನ್ನು, ಲಾಕ್ ಆಗಿದೆಯೋ ತೆರೆದಿದೆಯೋ ಎಂಬುದನ್ನು, ಪ್ರೊಸೆಸರ್ ಒಳಗಿನ ಸುರಕ್ಷಿತ ಭಾಗಕ್ಕೆ ತಿಳಿಸುತ್ತದೆ. ಆ ಭಾಗ ಕೊಡುವ ಪ್ರಮಾಣಪತ್ರದಲ್ಲಿ ಈ ಮಾಹಿತಿ ಸಹಿ ಸಮೇತ ಸೇರಿರುತ್ತದೆ. ಆಂಡ್ರಾಯ್ಡ್ ಒಳಗೆ ನೀವು ಏನೇ ಅಡಗಿಸಿದರೂ ಆ ಸಹಿಯನ್ನು ತಿದ್ದಲಾಗದು. ಫೋನ್ ನಂಬಬಹುದೇ ಎಂದು ಆ್ಯಪ್‌ಗಳಿಗೆ ತಿಳಿಸುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಇದರ ಮೇಲೆ ನಿಂತಿದೆ. ಅದು ಮೂರು ಹಂತದ ಉತ್ತರ ಕೊಡುತ್ತದೆ: ಬೇಸಿಕ್, ಡಿವೈಸ್, ಸ್ಟ್ರಾಂಗ್. 2025ರ ಮೇ ತಿಂಗಳಿಂದ ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಫೋನುಗಳಲ್ಲಿ ಡಿವೈಸ್ ಹಂತಕ್ಕೂ ಈ ಹಾರ್ಡ್‌ವೇರ್ ಪುರಾವೆ ಬೇಕೇ ಬೇಕು. ನಿಮ್ಮ ನೋಟ್ 10 ಆಂಡ್ರಾಯ್ಡ್ 13ರಲ್ಲಿದೆ, ಅಂದರೆ ಈ ನಿಯಮದ ಒಳಗೇ ಇದೆ.

ಹಾಗಿದ್ದೂ ಕೆಲವರಿಗೆ ನಡೆಯುತ್ತದಲ್ಲ, ಹೇಗೆ? ಬೇರೆ ಯಾವುದೋ ಫೋನಿನಿಂದ ಸೋರಿದ ಸಹಿ-ಕೀಲಿಯನ್ನು, ಅಂದರೆ ಕೀಬಾಕ್ಸನ್ನು, ಮಾಡ್ಯೂಲ್ (ರೂಟ್ ಆದ ಫೋನಿಗೆ ಹಾಕುವ ಸೇರ್ಪಡೆ) ಮೂಲಕ ತೋರಿಸುತ್ತಾರೆ. ಸೋರಿದ ಕೀಲಿ ಗೊತ್ತಾದ ಕೂಡಲೇ ಗೂಗಲ್ ಅದನ್ನು ರದ್ದು ಮಾಡುತ್ತದೆ. ನಿನ್ನೆ ನಡೆದ ಯುಪಿಐ ಇವತ್ತು ಗೊಬ್ಬರದ ಅಂಗಡಿ ಮುಂದೆ ನಿಂತಾಗ ಕೈಕೊಡುತ್ತದೆ. ಮತ್ತೆ ಹೊಸ ಕೀಬಾಕ್ಸ್ ಹುಡುಕಬೇಕು. ಅವು ಸಿಗುವುದು ಟೆಲಿಗ್ರಾಂ ಗುಂಪುಗಳಲ್ಲಿ. ಯಾರು ಬರೆದರೋ ಗೊತ್ತಿಲ್ಲದ ಮಾಡ್ಯೂಲಿಗೆ ರೂಟ್ ಅಧಿಕಾರ ಕೊಟ್ಟು, ಅದೇ ಫೋನಿನಲ್ಲಿ ಬ್ಯಾಂಕ್ ಪಿನ್ ಒತ್ತುವುದು ನನ್ನ ಪ್ರಕಾರ ತಪ್ಪು. ರೂಟ್ ಸಿಕ್ಕ ಪ್ರೋಗ್ರಾಂ ಯಾವ ಆ್ಯಪಿನ ಫೋಲ್ಡರನ್ನಾದರೂ ಓದಬಲ್ಲದು, ಒಟಿಪಿ ಮೆಸೇಜನ್ನೂ ಓದಬಲ್ಲದು.

ಬ್ಯಾಂಕುಗಳು ಸುಮ್ಮನೆ ಹಟ ಮಾಡುತ್ತಿಲ್ಲ. ರಿಸರ್ವ್ ಬ್ಯಾಂಕ್ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಡಿಜಿಟಲ್ ಪಾವತಿ ಭದ್ರತೆಯ ನಿರ್ದೇಶನದಲ್ಲಿ, ಫೋನ್ ರೂಟ್ ಅಥವಾ ಜೈಲ್‌ಬ್ರೇಕ್ (ಐಫೋನಿನಲ್ಲಿ ರೂಟ್‌ನಂಥದ್ದೇ) ಆಗಿದೆಯೇ ಎಂದು ಪರೀಕ್ಷಿಸಿ, ಆಗಿದ್ದರೆ ಆ್ಯಪ್ ನಡೆಯದಂತೆ ತಡೆಯುವ ಸಾಧ್ಯತೆ ನೋಡಿ ಎಂದು ಹೇಳಿದೆ. ಒಂದೊಂದು ಬ್ಯಾಂಕ್ ಒಂದೊಂದು ಬಿಗಿಯಲ್ಲಿ ಇದನ್ನು ಅಳವಡಿಸಿಕೊಂಡಿದೆ, ಹಾಗಾಗಿ ಒಬ್ಬರ ಆ್ಯಪ್ ನಡೆದು ಇನ್ನೊಬ್ಬರದು ನಿಲ್ಲುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: "ರೂಟ್ ಬೇಡ, ಬರೀ ಕಸ್ಟಮ್ ರಾಮ್ ಹಾಕುತ್ತೇನೆ." ಕಸ್ಟಮ್ ರಾಮಿಗೂ (ಕಂಪನಿಯದ್ದಲ್ಲದ, ಹೊರಗಿನವರು ಮಾಡಿದ ಸಿಸ್ಟಮ್) ಬೂಟ್‌ಲೋಡರ್ ತೆರೆಯಲೇಬೇಕು, ಸಮಸ್ಯೆ ಅದೇ. ರೂಟ್ ಕೊಡುವ ಮ್ಯಾಜಿಸ್ಕ್ ಪ್ರೋಗ್ರಾಂ ತೆಗೆದುಹಾಕಿದರೂ ಬೂಟ್‌ಲೋಡರ್ ತೆರೆದೇ ಇರುವ ತನಕ ಪ್ರಮಾಣಪತ್ರ ಬದಲಾಗುವುದಿಲ್ಲ. ಜತೆಗೆ ಅನ್‌ಲಾಕ್ ಮಾಡಿದ ಬಹಳಷ್ಟು ಫೋನುಗಳಲ್ಲಿ ವೈಡ್‌ವೈನ್ (ವಿಡಿಯೋ ನಕಲು ತಡೆಯುವ ವ್ಯವಸ್ಥೆ) ಎಲ್1ರಿಂದ ಎಲ್3ಕ್ಕೆ ಇಳಿಯುತ್ತದೆ, ನೆಟ್‌ಫ್ಲಿಕ್ಸ್‌ನಂಥವು ಎಚ್‌ಡಿ ಕೊಡುವುದಿಲ್ಲ.

ಓದುವ ಬೇರೆಯವರಿಗೂ ಹೇಳಿಬಿಡುತ್ತೇನೆ. ಸ್ಯಾಮ್‌ಸಂಗ್‌ನಲ್ಲಿ ಹೊರಗಿನ ಇಮೇಜ್ (ಸಿಸ್ಟಮ್ ಫೈಲ್) ಒಮ್ಮೆ ಬೂಟ್ ಆದರೆ ಅದರ ಭದ್ರತಾ ವ್ಯವಸ್ಥೆಯಾದ ನಾಕ್ಸ್‌ನ ಫ್ಯೂಸ್ ಸುಟ್ಟು 0x1 ಆಗುತ್ತದೆ. ಅದು ಚಿಪ್ಪಿನೊಳಗಿನ ಫ್ಯೂಸ್, ಸ್ಟಾಕ್ (ಕಂಪನಿಯ ಮೂಲ ಸಿಸ್ಟಮ್) ಹಾಕಿದರೂ ಹಿಂದಕ್ಕೆ ಬರುವುದಿಲ್ಲ. ಸೆಕ್ಯೂರ್ ಫೋಲ್ಡರ್, ಸ್ಯಾಮ್‌ಸಂಗ್ ವಾಲೆಟ್ ಶಾಶ್ವತವಾಗಿ ಹೋಗುತ್ತವೆ. ವಿವೋ ಅಧಿಕೃತವಾಗಿ ಅನ್‌ಲಾಕ್ ಕೊಡುವುದೇ ಇಲ್ಲ. ಶಿಯೋಮಿಯಲ್ಲಿ ಹೈಪರ್‌ಓಎಸ್‌ಗೆ (ಎಂಐಯುಐ ಬದಲಿಗೆ ಬಂದ ಸಿಸ್ಟಮ್) ಹೋದ ಫೋನಾದರೆ ಕಮ್ಯುನಿಟಿ ಆ್ಯಪಿನಲ್ಲಿ ಅರ್ಜಿ ಹಾಕಬೇಕು. ದಿನದ ಕೋಟಾ ಬೀಜಿಂಗ್ ಮಧ್ಯರಾತ್ರಿಗೆ, ಅಂದರೆ ನಮ್ಮ ರಾತ್ರಿ 9:30ಕ್ಕೆ ತೆರೆದು ಬೇಗ ಮುಗಿಯುತ್ತದೆ. ಪಿಕ್ಸೆಲ್‌ನಲ್ಲಿ ಇಷ್ಟೆಲ್ಲ ಇಲ್ಲ, ಫಾಸ್ಟ್‌ಬೂಟ್‌ನಲ್ಲಿ (ಬೂಟ್‌ಲೋಡರ್ ಕಂಪ್ಯೂಟರಿನಿಂದ ಕಮಾಂಡ್ ತೆಗೆದುಕೊಳ್ಳುವ ಮೋಡ್) ಒಂದು ಕಮಾಂಡ್ ಸಾಕು.

ಹುಮನಾಬಾದ್_ನಾಕಾ:

ನಡುವೆ ಕೇಳ್ತೀನಿ, ಕ್ಷಮಿಸಿ. ಐಫೋನ್ 8, ಐಓಎಸ್ 16.7 ಇದೆ. ಜೈಲ್‌ಬ್ರೇಕ್ ಮಾಡಬಹುದಾ?

ಬಿದ್ರಿ_ಕಪ್ಪು (ಬೀದರ್):

ಆಗುತ್ತದೆ, ಆದರೆ ದಿನಬಳಕೆಯ ಫೋನಿಗೆ ಬೇಡ. ಐಫೋನ್ 8ರಲ್ಲಿ ಎ11 ಚಿಪ್. 2019ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಚೆಕ್‌ಮೇಟ್ ದೋಷ ಎ5ರಿಂದ ಎ11ವರೆಗಿನ ಚಿಪ್ಪಿನ ಬೂಟ್‌ರಾಮಿನಲ್ಲಿದೆ. ಅದು ಓದಲು ಮಾತ್ರ ಬರುವ ಮೆಮೊರಿ, ಹಾಗಾಗಿ ಅಪ್‌ಡೇಟ್‌ನಿಂದ ಆ್ಯಪಲ್ ಅದನ್ನು ಮುಚ್ಚಲಾರದು. ಪಾಲೆರೇನ್ ಎಂಬ ಜೈಲ್‌ಬ್ರೇಕ್ ಪ್ರೋಗ್ರಾಂ ಅದನ್ನೇ ಬಳಸುತ್ತದೆ. ತೊಡಕು ಎರಡು. ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ಕಂಪ್ಯೂಟರಿಗೆ ಹಚ್ಚಿ ಮತ್ತೆ ಜೈಲ್‌ಬ್ರೇಕ್ ಮಾಡಬೇಕು. ಎರಡನೆಯದು ದೊಡ್ಡದು: ಎ11ರಲ್ಲಿ ಪಾಸ್‌ಕೋಡ್ ಇಡುವಂತಿಲ್ಲ. ಐಓಎಸ್ 16ರಲ್ಲಿ ರಿಸ್ಟೋರ್ ಆದ ಮೇಲೆ ಒಮ್ಮೆಯೂ ಪಾಸ್‌ಕೋಡ್ ಇಟ್ಟಿರಬಾರದು, ಅಂದರೆ ಫೋನ್ ಪೂರ್ತಿ ಅಳಿಸಿ ಶುರು ಮಾಡಬೇಕು, ಟಚ್ ಐಡಿಯೂ ಇರುವುದಿಲ್ಲ. ಬೀಗವಿಲ್ಲದ ಫೋನಿನಲ್ಲಿ ಯುಪಿಐ ಇಡಬೇಡಿ. ಐಫೋನ್ 10ಆರ್, 11 ಮುಂತಾದ ಎ12 ಮತ್ತು ನಂತರದ ಚಿಪ್ಪುಗಳಿಗೆ ಈ ದಾರಿಯೇ ಇಲ್ಲ.

ಭೀಮಾ_ದಂಡೆ (ಯಾದಗಿರಿ):

ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಉಪಕಾರ ಆತ್ರಿ. ನೋಟ್ 10 ಮುಟ್ಟಂಗಿಲ್ಲ. ಆದ್ರ ಇದನ್ನ ಕಲೀಬೇಕಂತ ಆಸೆ ಅದ. ನೋಟ್ 5 ಪ್ರೊ ಮ್ಯಾಲೆ ಮಾಡಿದ್ರ ಹ್ಯಾಂಗ? ಅದ್ರಾಗ ಬ್ಯಾಂಕ್ ಏನೂ ಇಲ್ಲ. ಕಾಲ್ ರೆಕಾರ್ಡಿಂಗ್ ಸಿಮ್ ಅದಕ್ಕೇ ಹಾಕಾಂವ.

ಕಾಗಿಣಾ (ಸೇಡಂ):

ಕಲಿಯಾಕ ಅದು ಛಲೋ ಫೋನ್. ಅಡ್ಡಹೆಸರು ವೈರೆಡ್, ಸ್ನ್ಯಾಪ್‌ಡ್ರ್ಯಾಗನ್ 636 ಚಿಪ್. ಆದ್ರ ಈ ಮಾಡೆಲ್‌ಗೇ ಒಂದು ಗಂಡಾಂತರ ಅದ, ಅದನ್ನ ಮೊದಲು ಹೇಳ್ತೀನಿ.

ಆ್ಯಂಟಿ-ರೋಲ್‌ಬ್ಯಾಕ್, ಅಂದ್ರ ಹಳೇ ವರ್ಷನ್‌ಗೆ ಹಿಂದಕ್ಕ ಹೋಗದಂಗ ತಡಿಯೋ ವ್ಯವಸ್ಥೆ. 2018ರಾಗ ಶಿಯೋಮಿ ಒಂದು ಅಪ್‌ಡೇಟ್‌ದಾಗ ಈ ಫೋನಿನ ಆ್ಯಂಟಿ ಅಂಕಿ 4ಕ್ಕ ಏರಿಸ್ತು. ಆ ಅಂಕಿ ಹಾರ್ಡ್‌ವೇರ್‌ದಾಗ ಕೂತಿರ್ತದ. ಅದಕ್ಕಿಂತ ಕಮ್ಮಿ ಅಂಕಿಯ ಹಳೇ ಫರ್ಮ್‌ವೇರ್ ಹಾಕಿದ್ರ ಫೋನ್ ಆ ಕ್ಷಣಕ್ಕ ಸತ್ತುಹೋಗ್ತದ: ಸ್ಕ್ರೀನ್ ಇಲ್ಲ, ಫಾಸ್ಟ್‌ಬೂಟ್ ಇಲ್ಲ, ಲ್ಯಾಪ್‌ಟಾಪ್‌ಗೆ ಹಚ್ಚಿದ್ರ ಕ್ವಾಲ್‌ಕಾಂ 9008 ಅಂತ ಅಷ್ಟೇ ಕಾಣ್ತದ. ಅದ್ರಿಂದ ಎಬ್ಬಿಸಬೇಕಂದ್ರ ಶಿಯೋಮಿ ಅಧಿಕಾರ ಕೊಟ್ಟ ಅಕೌಂಟ್ ಬೇಕು, ಅದು ನಮಗ-ನಿಮಗ ಸಿಗಂಗಿಲ್ಲ. ಹಳೇ ವಿಡಿಯೋ ನೋಡಿ ಹಳೇ ರಾಮ್ ಇಳಿಸಿಕೊಳ್ಳೋದೇ ಇದಕ್ಕ ಕಾರಣ. ಫಾಸ್ಟ್‌ಬೂಟ್‌ದಾಗ "ಗೆಟ್‌ವಾರ್ ಆ್ಯಂಟಿ" ಅಂತ ಕೊಟ್ರ ನಿಮ್ಮ ಫೋನಿನ ಅಂಕಿ ತೋರಿಸ್ತದ. ಕಮಾಂಡ್ ಇಲ್ಲಿ ಕನ್ನಡದಾಗ ಬರದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.

ಈಗ ಕೆಲಸ. ಬೇಕಾದದ್ದು ವಿಂಡೋಸ್ ಲ್ಯಾಪ್‌ಟಾಪ್, ಡೇಟಾ ಹೋಗೋ ಕೇಬಲ್, 60 ಪರ್ಸೆಂಟ್ ಮ್ಯಾಲೆ ಚಾರ್ಜ್. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಬ್ಯಾಡ. ಫ್ಲ್ಯಾಶ್ (ಫೋನಿಗೆ ಸಿಸ್ಟಮ್ ಫೈಲ್ ಬರಿಯೋದು) ನಡುವೆ ಕರೆಂಟ್ ಹೋದ್ರ ಪಾರ್ಟಿಷನ್ ಅರ್ಧ ಬರೆದು ನಿಲ್ತದ. ರೈಜನ್ ಪ್ರೊಸೆಸರ್ ಇರೋ ಲ್ಯಾಪ್‌ಟಾಪ್‌ನ ಯುಎಸ್‌ಬಿ 3 ಪೋರ್ಟ್‌ದಾಗ ಫಾಸ್ಟ್‌ಬೂಟ್ ಭಾಳ ಸಲ ಕಾಣಂಗಿಲ್ಲ, ಇಲ್ಲಾ ನಡುವೆ ಕಡೀತದ. ಸಾದಾ ಯುಎಸ್‌ಬಿ 2 ಹಬ್ ನಡುವೆ ಹಾಕಿದ್ರ ಸರಿ ಆಗ್ತದ.

ಅನ್‌ಲಾಕ್: ಅಬೌಟ್ ಫೋನ್‌ದಾಗ ಎಂಐಯುಐ ವರ್ಷನ್ ಮ್ಯಾಲೆ 7 ಸಲ ಒತ್ತಿದ್ರ ಡೆವಲಪರ್ ಆಪ್ಷನ್ಸ್ ತೆರೀತದ. ಒಳಗ ಓಇಎಂ ಅನ್‌ಲಾಕಿಂಗ್, ಯುಎಸ್‌ಬಿ ಡಿಬಗ್ಗಿಂಗ್ ಆನ್. ಎಂಐ ಅಕೌಂಟ್ ಲಾಗಿನ್ ಆಗಿ, ವೈಫೈ ಆಫ್ ಮಾಡಿ, ಸಿಮ್ ಡೇಟಾ ಆನ್ ಇಟ್ಟು, ಎಂಐ ಅನ್‌ಲಾಕ್ ಸ್ಟೇಟಸ್ ಒಳಗ ಆ್ಯಡ್ ಅಕೌಂಟ್ ಆ್ಯಂಡ್ ಡಿವೈಸ್ ಒತ್ರಿ. ಒಂದೇ ಸಲ. ಮತ್ತ ಮತ್ತ ಒತ್ತಿದ್ರ ಕಾಯೋ ಗಡಿಯಾರ ಮೊದಲಿಂದ ಶುರು ಆಗ್ತದ. ಆಮೇಲೆ ಫೋನ್ ಆಫ್ ಮಾಡಿ, ಪವರ್ ಮತ್ತ ವಾಲ್ಯೂಮ್ ಡೌನ್ ಕೂಡಿ ಹಿಡಿದು ಫಾಸ್ಟ್‌ಬೂಟ್‌ಗೆ ಹೋಗಿ, ಎಂಐ ಅನ್‌ಲಾಕ್ ಟೂಲ್ ಓಡಿಸ್ರಿ. ಸಾಮಾನ್ಯವಾಗಿ 168 ಗಂಟೆ ಕಾಯ್ರಿ ಅಂತದ. ಆ ಏಳು ದಿನ ಲಾಗ್‌ಔಟ್ ಆಗಬ್ಯಾಡ್ರಿ, ರೀಸೆಟ್ ಮಾಡಬ್ಯಾಡ್ರಿ. ದಿನ ತುಂಬಿದಮ್ಯಾಲ ಮತ್ತ ಟೂಲ್ ಓಡಿಸಿದ್ರ ಅನ್‌ಲಾಕ್ ಆಗ್ತದ, ಫೋನಿನೊಳಗಿನ ಎಲ್ಲಾ ಅಳೀತದ. ಫೋಟೋ ಇದ್ರ ಮೊದಲೇ ತೆಗೀರಿ. ಮುಂದ ಬೂಟ್ ಆಗುವಾಗ ಕೆಳಗ "ಅನ್‌ಲಾಕ್ಡ್" ಅಂತ ಬರ್ತದ, ಅದು ಹಂಗೇ ಇರ್ತದ.

ರೂಟ್‌ಗೆ ಮ್ಯಾಜಿಸ್ಕ್. ಅದ್ರ ಅಧಿಕೃತ ಗಿಟ್‌ಹಬ್ ಪುಟದಿಂದ ಮಾತ್ರ ಇಳಿಸ್ರಿ, ಅದೇ ಹೆಸರಿನ ನಕಲಿ ವೆಬ್‌ಸೈಟ್ ಬೇಕಾದಷ್ಟು ಅವ. ಆಮೇಲೆ ಅಬೌಟ್ ಫೋನ್‌ದಾಗಿನ ಎಂಐಯುಐ ವರ್ಷನ್ ಪೂರ್ತಿ ಬರಕೊಂಡು, ಅಕ್ಷರ ಅಕ್ಷರ ಅದೇ ವರ್ಷನ್‌ನ ಫಾಸ್ಟ್‌ಬೂಟ್ ರಾಮ್ ಇಳಿಸ್ರಿ. ಬಾಲದಾಗ "ಐಎನ್" ಇದ್ರ ಭಾರತದ್ದು, "ಎಂಐ" ಇದ್ರ ಗ್ಲೋಬಲ್, ಅದಲು-ಬದಲು ಬ್ಯಾಡ. ಬಿಚ್ಚಿದ್ರ ಇಮೇಜಸ್ ಫೋಲ್ಡರ್‌ದಾಗ ಬೂಟ್ ಇಮೇಜ್ ಸಿಗ್ತದ. ಅದನ್ನ ಫೋನಿಗೆ ಹಾಕಿ ಮ್ಯಾಜಿಸ್ಕ್‌ದಾಗ ಇನ್‌ಸ್ಟಾಲ್, ಸೆಲೆಕ್ಟ್ ಆ್ಯಂಡ್ ಪ್ಯಾಚ್ ಎ ಫೈಲ್. ಡೌನ್‌ಲೋಡ್ ಫೋಲ್ಡರ್‌ದಾಗ ಮ್ಯಾಜಿಸ್ಕ್_ಪ್ಯಾಚ್ಡ್ ಅಂತ ಹೊಸ ಫೈಲ್ ಬರ್ತದ. ಅದನ್ನ ಲ್ಯಾಪ್‌ಟಾಪ್‌ಗೆ ತರೋದು "ಎಡಿಬಿ ಪುಲ್" ಇಂದ. ಮೌಸ್ ಹಿಡಿದು ಎಳೆದು ಕಾಪಿ ಮಾಡಿದ್ರ ಎಂಟಿಪಿ (ಆ ಕಾಪಿ ನಡಿಯೋ ವಿಧಾನ) ಒಮ್ಮೊಮ್ಮೆ ಫೈಲ್ ಕೆಡಿಸ್ತದ, ಕೆಟ್ಟ ಇಮೇಜ್ ಹಾಕಿದ್ರ ಬೂಟ್‌ಲೂಪ್.

ಫಾಸ್ಟ್‌ಬೂಟ್‌ಗೆ ಹೋಗಿ "ಫಾಸ್ಟ್‌ಬೂಟ್ ಫ್ಲ್ಯಾಶ್ ಬೂಟ್" ಬರೆದು ಆ ಫೈಲಿನ ಹೆಸರು, ಎಂಟರ್. ಓಕೆ ಬಂದ್ರ "ಫಾಸ್ಟ್‌ಬೂಟ್ ರೀಬೂಟ್". ಆ್ಯಂಟಿ-ರೋಲ್‌ಬ್ಯಾಕ್ ಬಗ್ಗೆ ಏನರ ಎರರ್ ಬಂದ್ರ ಅಲ್ಲೇ ನಿಲ್ಲಿಸಿ ಇಲ್ಲಿ ಬರೀರಿ, ಬೇರೆ ರಾಮ್ ಹಾಕಿ ನೋಡಾಕ ಹೋಗಬ್ಯಾಡ್ರಿ.

ರೂಟ್ ಆದ ದಿನಾನೇ ಮಾಡಬೇಕಾದ ಒಂದು ಕೆಲಸ ಅದ, ಅದನ್ನ ಭಾಳ ಮಂದಿ ಬಿಡ್ತಾರ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಮತ್ತ ನೆಟ್‌ವರ್ಕ್ ಹೊಂದಾಣಿಕೆ ಇರೋ ಪಾರ್ಟಿಷನ್‌ಗಳು ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಪರ್ಸಿಸ್ಟ್. ರೂಟ್ ಶೆಲ್‌ದಾಗ ಡಿಡಿ ಕಮಾಂಡ್‌ನಿಂದ ನಾಲ್ಕರ ಪ್ರತಿ ತಗೊಂಡು ಲ್ಯಾಪ್‌ಟಾಪ್‌ದಾಗೂ ಪೆನ್‌ಡ್ರೈವ್‌ದಾಗೂ ಇಡ್ರಿ. ಮುಂದ ಯಾವುದರ ರಾಮ್ ಹಾಕುವಾಗ ಸಿಗ್ನಲ್ ಹೋಗಿ ಐಎಂಇಐ 0 ಅಂತ ಬಂದ್ರ ಇವೇ ಉಳಿಸೋದು. ಪ್ರತಿ ಇಲ್ಲಂದ್ರ ಯಾರೋ "ಹೊಸ ಐಎಂಇಐ ಬರೆದುಕೊಡ್ತೀವಿ" ಅಂತಾರ. ಐಎಂಇಐ ತಿದ್ದೋದು 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಅಪರಾಧ, 3 ವರ್ಷದ ತನಕ ಶಿಕ್ಷೆ ಅದ. ಅದಕ್ಕ ಕೈ ಹಾಕಬ್ಯಾಡ್ರಿ.

ಬೂಟ್‌ಲೂಪ್ ಬಿದ್ರ ಗಾಬರಿ ಬ್ಯಾಡ. ರೂಟ್ ಮಾಡಿದ ಕೂಡಲೇ ಬಿದ್ರ, ಫಾಸ್ಟ್‌ಬೂಟ್‌ಗೆ ಹೋಗಿ ಪ್ಯಾಚ್ ಮಾಡದ ಮೂಲ ಬೂಟ್ ಇಮೇಜ್ ಹಾಕ್ರಿ, ಮೊದಲಿನಂಗ ಏಳ್ತದ. ಮಾಡ್ಯೂಲ್ ಹಾಕಿದಮ್ಯಾಲ ಬಿದ್ರ ತಪ್ಪು ಮಾಡ್ಯೂಲ್‌ದು. ಸೇಫ್ ಮೋಡ್‌ದಾಗ ಒಮ್ಮೆ ಎಬ್ಬಿಸಿದ್ರ ಮ್ಯಾಜಿಸ್ಕ್ ಎಲ್ಲಾ ಮಾಡ್ಯೂಲ್ ಆಫ್ ಮಾಡ್ತದ, ಆಮೇಲೆ ಒಂದೊಂದೇ ಆನ್ ಮಾಡಿ ಕಳ್ಳ ಯಾವುದಂತ ಹುಡುಕ್ರಿ.

ಕಡಿಗೊಂದು. ಸ್ಟಾಕ್‌ಗೆ ವಾಪಸ್ ಹೋಗುವಾಗ ಎಂಐ ಫ್ಲ್ಯಾಶ್ ಟೂಲ್ ಬಳಸ್ತೀರಿ. ಅದ್ರ ಕೆಳಗಿನ ಸಾಲಿನಾಗ ಮೊದಲೇ ಆರಿಸಿ ಕೂತಿರೋದು "ಕ್ಲೀನ್ ಆಲ್ ಆ್ಯಂಡ್ ಲಾಕ್". ಅದನ್ನ ಹಂಗೇ ಬಿಟ್ಟು ಫ್ಲ್ಯಾಶ್ ಒತ್ತಿದ್ರ ಬೂಟ್‌ಲೋಡರ್ ಲಾಕ್ ಆಗ್ತದ. ಆ ಹೊತ್ತಿಗೆ ಒಳಗ ಇರೋದು ಆ ಫೋನಿಗೆ ಹೊಂದದ ರಾಮ್ ಆಗಿದ್ರ ಬೂಟ್ ಆಗಂಗಿಲ್ಲ. ಬಿಚ್ಚಬೇಕಂದ್ರ ಮತ್ತ ಅನ್‌ಲಾಕ್ ಬೇಕು, ಅದಕ್ಕ ಫೋನ್ ಎದ್ದಿರಬೇಕು, ಅಲ್ಲಿಗೆ ದಾರಿ ಮುಗೀತು. "ಕ್ಲೀನ್ ಆಲ್" ಅಷ್ಟೇ ಆರಿಸ್ರಿ. ಫೋನ್ ಎದ್ದು ಎಲ್ಲಾ ಸರಿ ಅದ ಅಂತ ನೋಡಿ, ಅದೇ ಮಾಡೆಲ್‌ಗೆ ಹೊಂದೋ ಪೂರ್ತಿ ಸ್ಟಾಕ್ ಇದ್ರ ಮಾತ್ರ ಲಾಕ್.

ಭೀಮಾ_ದಂಡೆ (ಯಾದಗಿರಿ):

ಇವತ್ತೇ ಅಕೌಂಟ್ ಜೋಡಿಸಿ 168 ಗಂಟೆ ಶುರು ಮಾಡ್ತೀನ್ರಿ. ನೋಟ್ 10ರಾಗ ಎಂಎಸ್‌ಎ ಆಫ್ ಮಾಡಾಕ ಹೋದ್ರ "ರಿವೋಕ್ ಮಾಡಲಾಗಲಿಲ್ಲ" ಅಂತ ಬರಾಕತ್ತದ, ಏನ್ ಮಾಡ್ಲಿ? ಮತ್ತ ವಾಟ್ಸ್‌ಆ್ಯಪ್‌ದಾಗ ಯಾರೋ ಕಳಿಸಿದ ಕಿಸಾನ್ ಹಣದ ಎಪಿಕೆ (ಆ್ಯಪ್ ಹಾಕೋ ಫೈಲ್) ಒಂದು ಇಳಿದದ, ತೆರೆದಿಲ್ಲ.

ಜಗತ್_ಸರ್ಕಲ್ (ಕಲಬುರಗಿ):

ಆ ಎಪಿಕೆ ಈಗಿಂದೀಗ ಅಳಿಸ್ರಿ, ಕಳಿಸಿದವರಿಗೂ ಫೋನ್ ಮಾಡಿ ಹೇಳ್ರಿ. ಅವರ ಫೋನ್ ಕೆಟ್ಟವರ ಕೈಯಾಗ ಸಿಕ್ಕಿರಬಹುದು, ಅವರಿಗೆ ಗೊತ್ತಿಲ್ದೇ ಅದು ಎಲ್ಲರಿಗೂ ಹೋಗ್ತಿರ್ತದ. ಪಿಎಂ ಕಿಸಾನ್, ಆರ್‌ಟಿಓ ಚಲನ್, ಮದುವಿ ಪತ್ರಿಕೆ ಅಂತ ಹೆಸರಿಟ್ಟು ಬರೋ ಇವು ಎಸ್‌ಎಂಎಸ್ ಪರ್ಮಿಷನ್ ಕೇಳ್ತಾವ, ಕೊಟ್ರ ಒಟಿಪಿ ಅವರ ಕೈಗೆ. ಇದಕ್ಕ ರೂಟ್ ಕೂಡ ಬೇಕಾಗಿಲ್ಲ. ಯಾರರ ತೆರೆದು ದುಡ್ಡು ಹೋಗಿದ್ರ ತಡ ಮಾಡದೇ 1930ಕ್ಕ ಫೋನ್ ಮಾಡಬೇಕು, ಮೊದಲ ಕೆಲವು ತಾಸಿನೊಳಗ ತಿಳಿಸಿದ್ರ ದುಡ್ಡು ತಡೆಹಿಡಿಯೋ ಅವಕಾಶ ಹೆಚ್ಚು.

ಎಂಎಸ್‌ಎದು ಎಲ್ಲರಿಗೂ ಆಗೋದೇ. ಇಂಟರ್ನೆಟ್ ಆನ್ ಇರಬೇಕು, ಆಫ್ ಇದ್ರ ಅದು ಆಗಂಗೇ ಇಲ್ಲ. ಬಟನ್ ಒತ್ತಿದಮ್ಯಾಲ 10 ಸೆಕೆಂಡ್ ಎಣಿಕೆ ನಡೀತದ, ಪೂರ್ತಿ ಕಾದು ರಿವೋಕ್ ಒತ್ರಿ. ಆಗಲಿಲ್ಲಂದ್ರ ಮತ್ತ ಅದನ್ನೇ ಮಾಡ್ರಿ, ಮೂರ್ನಾಲ್ಕು ಸಲಕ್ಕ ಸಾಮಾನ್ಯವಾಗಿ ಆಗ್ತದ. ಪ್ರೈವೇಟ್ ಡಿಎನ್‌ಎಸ್ ಆಗಲೇ ಹಾಕಿದ್ರ ಅದು ಶಿಯೋಮಿ ಸರ್ವರ್ ತಡೀತಿರಬಹುದು. ಅದನ್ನ ಆಫ್ ಮಾಡಿ, ಎಂಎಸ್‌ಎ ರಿವೋಕ್ ಆದಮ್ಯಾಲ ಮತ್ತ ಆನ್ ಮಾಡ್ರಿ. ಆಮೇಲೆ ಫೈಲ್ ಮ್ಯಾನೇಜರ್, ಥೀಮ್ಸ್, ಡೌನ್‌ಲೋಡ್ಸ್ ಮೂರರ ಸೆಟ್ಟಿಂಗ್‌ದಾಗೂ ರೆಕಮೆಂಡೇಷನ್ ಅಂತ ಬೇರೆ ಬೇರೆ ಬಟನ್ ಅವ, ಅವೂ ಆಫ್.